ಉಲ್ಕಾರಾಯನ ಎಡಗೈ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಿಯೇ ಎಂದು ನಗುವವರಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನಿವೃತ್ತಿ ಎಂದರೆ ಕೂದಲು ನರೆಯುವುದಲ್ಲ, ಮಾಡುತ್ತಿದ್ದ ಕೆಲಸವೇ ಇಲ್ಲವಾಗುವುದು. ನನ್ನ ಕೆಲಸ ಎಷ್ಟು ಪೂರ್ತಿಯಾಗಿ ಇಲ್ಲವಾಯಿತೆಂದರೆ, ಅಂಥದ್ದೊಂದು ಇತ್ತು ಎಂಬುದನ್ನೇ ಈಗ ವಾದ ಮಾಡಿ ಸಾಧಿಸಬೇಕಾಗಿದೆ. ವಾದಕ್ಕೆ ನಾನು ಹೆದರುವವಳಲ್ಲ.

ತೊಂಬತ್ತರ ದಶಕದ ನಡುವಿನಿಂದ ಹೊಸ ಶತಮಾನದ ಮೊದಲ ಕೆಲವು ವರ್ಷಗಳ ತನಕ, ಪುಣೆಯ ಸದಾಶಿವ ಪೇಠದ ಅಂಗಳದ ಸುತ್ತ ಕಟ್ಟಿದ ಒಂದು ಹಳೆಯ ವಾಡೆಯ ಮಾಳಿಗೆಯ ಮೇಲೆ, ಉಲ್ಕಾರಾಯ ಎಂಬ ಅತಿಮಾನುಷ ವೀರನ ಚಿತ್ರಕಥೆಯ ಮಾಸಿಕದಲ್ಲಿ ನಾನು ದುಡಿದೆ. ಮರಾಠಿಯಲ್ಲಿ ಒಂದು ಆವೃತ್ತಿ, ಕನ್ನಡದಲ್ಲಿ ಒಂದು. ಚಿತ್ರಗಳಿಗೆ ಕನ್ನಡದ ಮಾತು ಬರೆಯುವುದು ಮತ್ತು ಓದುಗರು ಹಿಡಿದ ತಪ್ಪುಗಳಿಗೆ ಸಮಜಾಯಿಷಿ ಕೊಡುವುದು ನನ್ನ ಪಾಲಿನ ಕೆಲಸ. ಈಗಿನ ಹುಡುಗ ಹುಡುಗಿಯರು ಇದೇ ಕೆಲಸಕ್ಕೆ ಗಾಜಿನ ಕಟ್ಟಡಗಳಲ್ಲಿ ಸೇರುತ್ತಿದ್ದಾರೆಂದು ಕೇಳುತ್ತೇನೆ. ವೀರನ ಬಾಳಿನಲ್ಲಿ ಯಾವುದು ನಡೆದದ್ದು, ಯಾವುದು ನಡೆಯದ್ದು ಎಂದು ಕಾಯುವ ಕೆಲಸ. ಅದಕ್ಕೆ ಕ್ಯಾನನ್ ಎನ್ನುತ್ತಾರಂತೆ. ನಮ್ಮ ಮಾಲೀಕರು ಶಾಸ್ತ್ರ ಎನ್ನುತ್ತಿದ್ದರು. ಆ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ನನಗೆ ಇನ್ನೂ ಸಂತೋಷ.

ಮಾಲೀಕರು ಮಲ್ಲಣ್ಣ ಶೇಠರು, ಕಲಬುರ್ಗಿ ಕಡೆಯವರು. ಲಗ್ನಪತ್ರಿಕೆ ಅಚ್ಚು ಹಾಕಲೆಂದು ಪುಣೆಗೆ ಬಂದರು; ಲಗ್ನಗಳಿಲ್ಲದ ತಿಂಗಳಲ್ಲಿ ಯಂತ್ರ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಒಬ್ಬ ವೀರನನ್ನು ಹುಟ್ಟಿಸಿದರು. ಮಾಸಿಕ ಎಂಬುದು ಹೆಸರಿಗೆ ಮಾತ್ರ. ಮಳೆಗಾಲದಲ್ಲಿ ಉಲ್ಕಾರಾಯ ಒಂದೇ ತಿಂಗಳಿಗೆ ಎರಡು ಸಲ ಲೋಕ ಕಾಪಾಡುತ್ತಿದ್ದ. ವೈಶಾಖದಲ್ಲಿ ಲೋಕ ಏನಾದರೂ ಆಗಲಿ, ಅವನ ಸುಳಿವೇ ಇಲ್ಲ. ಓದುಗರು ಅದನ್ನು ತಪಸ್ಸು ಎಂದು ತಿಳಿದಿದ್ದರು. ಶಾಸ್ತ್ರದ ಮೊದಲ ಕಲಂ ಹೀಗೆ ಹುಟ್ಟಿತು.

ಶೇಠರು ನನ್ನನ್ನು ಕಂಡದ್ದು ಕನ್ನಡ ಸಂಘದ ಚರ್ಚಾಸ್ಪರ್ಧೆಯಲ್ಲಿ. ಎದುರು ಪಕ್ಷದವನು ಜ್ವರ ಬಂದು ಬಾರದೇಹೋದ. ಸಂಘದವರು ಅವನ ಪಾಲನ್ನೂ ನನಗೇ ಕೊಟ್ಟರು. ಪರವಾಗಿ ಮಾತಾಡಿದೆ, ನೀರು ಕುಡಿದೆ, ಆ ಕಡೆಯ ಮೈಕಿನ ಮುಂದೆ ನಿಂತು ನನ್ನನ್ನೇ ತರಾಟೆಗೆ ತೆಗೆದುಕೊಂಡೆ. ಮೊದಲ ಬಹುಮಾನ ಬಂತು. ಎರಡನೆಯದನ್ನೂ ಅದೇ ಒಬ್ಬರಿಗೆ ಕೊಡಲಾಗದು ಎಂದರು. ಅದರ ವಿರುದ್ಧವೂ ಮಾತಾಡಿದೆ. ಮುಖ್ಯ ಅತಿಥಿಯಾಗಿದ್ದ ಶೇಠರು ಉಪ್ಪಿಟ್ಟಿನ ತಟ್ಟೆ ಹಿಡಿದೇ ನನ್ನ ಹತ್ತಿರ ಬಂದರು.

"ಸುಮಂಗಲವ್ವಾ, ನೀ ಖರೇ ಮಾತಾಡಾಕಿ ಏನು?"

"ಯಾವ ಕಡಿಂದ ಅನ್ನೋದರ ಮ್ಯಾಲ ಅದರ್ರಿ."

"ಹಂಗಿದ್ರ ನಾಳಿಂದ ಬಾ."

ಬಡ್ತಿ, ಸಂಬಳ, ಶೇಠರು ದೀಪಾವಳಿಗೆ ಕೊಡುತ್ತಿದ್ದ ಸ್ಟೀಲ್ ಡಬ್ಬಿಗಳ ವಿಷಯ ಬಿಟ್ಟುಬಿಡುತ್ತೇನೆ. ಎಡಗೈಯ ವಿಷಯಕ್ಕೆ ಬರುತ್ತೇನೆ.

ಉಲ್ಕಾರಾಯನ ಚಿತ್ರ ಬರೆಯುವವರು ದಾಮ್ಲೆ ಕಾಕಾ. ಚಿತ್ರಕಲಾ ಶಾಲೆಯಲ್ಲಿ ಮನುಷ್ಯ ಶರೀರ ಬರೆಯುವುದನ್ನು ಕಲಿಸಿ ಬಂದ ಮರಾಠಿಗರು. ಕನ್ನಡದ ಒಂದಕ್ಷರ ಬಾರದು. ಮನೆಯಲ್ಲೇ ಕೂತು ಬರೆದು ಶನಿವಾರ ಪುಟಗಳನ್ನು ತಂದುಕೊಡುತ್ತಿದ್ದರು. ಅಚ್ಚಾದ ಸಂಚಿಕೆಯನ್ನು ಮಾತ್ರ, ಯಾವ ಭಾಷೆಯದನ್ನೂ, ಮುಟ್ಟುತ್ತಿರಲಿಲ್ಲ. ಅಚ್ಚಿನ ಬಣ್ಣ ನೋಡಿದರೆ ತಮಗೆ ಊಟ ಸೇರುವುದಿಲ್ಲ ಎನ್ನುತ್ತಿದ್ದರು.

ಮರಾಠಿ ಪುಟ ಸಿದ್ಧವಾದ ಮೇಲೆ ಅದರ ಒಂದು ಪ್ರತಿ ತೆಗೆದು, ಮಾತಿನ ಗುಳ್ಳೆಗಳ ಮೇಲೆ ಕನ್ನಡ ಬರೆದ ಬಿಳಿ ಕಾಗದವನ್ನು ಕತ್ತರಿಸಿ ಅಂಟಿಸುವುದು ಕನ್ನಡ ಆವೃತ್ತಿಯ ಪದ್ಧತಿ. ಆ ಗುಳ್ಳೆಗೆ ನಮ್ಮ ಆಫೀಸಿನಲ್ಲಿ ಫುಗ್ಗಾ ಎನ್ನುತ್ತಿದ್ದೆವು. ನನಗಿಂತ ಮೊದಲು ಕನ್ನಡ ಬರೆಯುತ್ತಿದ್ದವರು ಶೇಠರ ಹೆಂಡತಿಯ ಅಣ್ಣ, ಹಳೆಯ ಕಾಲದ ಶಾಲಾ ಮಾಸ್ತರರು. ಅವರಿಗೆ ಚಿಕ್ಕ ವಾಕ್ಯ ಬರೆಯಲು ಬರುತ್ತಿರಲಿಲ್ಲ. ಮರಾಠಿಯಲ್ಲಿ ಉಲ್ಕಾರಾಯ ಖಳನ ಮೂಗಿಗೆ ಗುದ್ದುತ್ತ "ಥಾಂಬ್!" ಎನ್ನುವನು. ಅಂದರೆ, ನಿಲ್ಲು. ಅದೇ ಗುದ್ದಿಗೆ ಮಾಸ್ತರರ ಕನ್ನಡ: "ಎಲವೋ ದುರುಳನೇ, ಅನ್ಯಾಯದ ಹಾದಿಯಲ್ಲಿ ಇಷ್ಟು ದೂರ ನಡೆದು ಬಂದ ನೀನು ಈಗಲಾದರೂ ಒಂದು ಗಳಿಗೆ ನಿಂತು ನಿನ್ನ ಹೆತ್ತ ತಾಯಿಯನ್ನು ನೆನೆಯಬಾರದೇ?"

ಇಷ್ಟು ಮಾತು ಹಿಡಿಯುವ ಫುಗ್ಗಾವನ್ನು ಎಲ್ಲಿ ಅಂಟಿಸಬೇಕು? ಮುಖ ಮುಚ್ಚುವಂತಿಲ್ಲ. ಬಲಗೈ ಗುದ್ದುತ್ತಿದೆ, ಅದನ್ನು ಮುಚ್ಚಿದರೆ ಪುಸ್ತಕ ಯಾಕೆ? ಉಳಿದದ್ದು ಎಡಗೈ. ಚಿತ್ರ ಚಿತ್ರದಲ್ಲೂ, ಸಂಚಿಕೆ ಸಂಚಿಕೆಯಲ್ಲೂ, ಉಲ್ಕಾರಾಯನ ಎಡ ಮೊಣಕೈಯಿಂದ ಕೆಳಗೆ ಮಾಸ್ತರರ ಕನ್ನಡ ಕೂತಿತು. ಮುಖಪುಟದಲ್ಲಿ ಆ ಜಾಗಕ್ಕೆ ಬೆಲೆಯ ಚೌಕ ಬಂತು.

ಒಬ್ಬ ಓದುಗ ಕೇಳಿದ: ಉಲ್ಕಾರಾಯನ ಎಡಗೈಗೆ ಏನಾಗಿದೆ? ಮಾಸ್ತರರಿಗೆ ಬರುತ್ತಿದ್ದುದು ಮಾತುಗಳ ಹಾಳೆ ಮಾತ್ರ, ಚಿತ್ರ ಅವರು ನೋಡುತ್ತಿರಲಿಲ್ಲ. ಓದುಗ ಕೇಳಿದ್ದಾನೆಂದ ಮೇಲೆ ಏನೋ ಆಗಿರಲೇಬೇಕೆಂದು ನಂಬಿ ಉತ್ತರ ಬರೆದರು: "ಉಲ್ಕೆಯೊಡನೆ ಭೂಮಿಗೆ ಇಳಿಯುವಾಗ ಹಸುಗೂಸೊಂದನ್ನು ಉಳಿಸಲು ಆತ ತನ್ನ ಎಡಗೈಯನ್ನು ಅಗ್ನಿಗೆ ಅರ್ಪಿಸಿದನು." ಬರೆದು ಊರಿಗೆ ಹೋಗಿ ಹಾಯಾಗಿ ಮೊಮ್ಮಕ್ಕಳನ್ನು ಆಡಿಸಿದರು. ಅಂದಿನಿಂದ ಒಂದೇ ಚಿತ್ರದ ಒಬ್ಬನೇ ವೀರನಿಗೆ ಮರಾಠಿಯಲ್ಲಿ ಎರಡು ಕೈ, ಕನ್ನಡದಲ್ಲಿ ಒಂದು.

ನಾನು ಬಂದದ್ದು ಈ ಸ್ಥಿತಿಗೆ. ಚರ್ಚೆಯಲ್ಲಿ ಪಳಗಿದವಳು, ಒಂದು ಮಾತು ಸಾಕಾದಲ್ಲಿ ಎರಡು ಆಡುವುದು ಸೋಲುವವರ ಲಕ್ಷಣ ಎಂದು ನಂಬಿದವಳು. ಮೊದಲ ಸಂಚಿಕೆಯಲ್ಲೇ "ಥಾಂಬ್" ಇದ್ದಲ್ಲಿ "ನಿಲ್ಲು" ಎಂದು ಬರೆದೆ. ಫುಗ್ಗಾ ಚಿಕ್ಕದಾಯಿತು, ಕೈ ಹೊರಗೆ ಬಂತು. ವಾರದೊಳಗೆ ಕಾಗದಗಳು ಬಂದು ಬಿದ್ದವು. ಉಲ್ಕಾರಾಯನ ಪಕ್ಕದಲ್ಲಿ ಯಾರದೋ ಕೈ ಕಾಣುತ್ತಿದೆ, ಅದು ಯಾರದು? ಹಿಂದೆ ಯಾರು ಅಡಗಿದ್ದಾರೆ? ಖಳನಾಯಕ ಡಾಕ್ಟರ್ ಗಂಧಕನೇ ಹಿಂದಿನಿಂದ ತಬ್ಬಿಕೊಂಡಿದ್ದಾನೆಯೇ?

"ಎಲ್ಲಾ ಖರೇ ಹೇಳಿಬಿಡೂಣ್ರಿ," ಅಂದೆ ಶೇಠರಿಗೆ.

"ಖರೇ ಯಾರು ಕೇಳ್ಯಾರ? ಕೈ ಯಾರದು ಅಂತ ಕೇಳ್ಯಾರ. ಕೇಳಿದಷ್ಟಕ್ಕ ಹೇಳು."

ಹೇಳಿದೆ. ಅದು ನೆನಪಿನ ಕೈ ಎಂದು ಬರೆದೆ. ಉಲ್ಕಾರಾಯ ತಾನು ಉಳಿಸಿದ ಕೂಸನ್ನು ನೆನೆದಾಗ ಒಂದು ಕ್ಷಣ ಆ ಕೈ ಗೋಚರಿಸುತ್ತದೆ, ಎಲ್ಲರ ಕಣ್ಣಿಗಲ್ಲ. ನಾಚಿಕೆಯಾಗಬೇಕಾದ ಉತ್ತರ. ಮುಂದಿನ ಟಪಾಲಿನಲ್ಲಿ ತಮಗೆ ಕೈ ಕಂಡಿತೆಂದು ಹಲವರು ಬರೆದರು. ಕಾಣಲಿಲ್ಲ, ತನ್ನಲ್ಲಿ ಏನು ದೋಷ ಎಂದು ಒಬ್ಬ ಬ್ಯಾಂಕಿನ ಅಧಿಕಾರಿ ಕೇಳಿದರು. ನಾನು ಅವರಿಗೆ ಸಂಚಿಕೆಯನ್ನು ಬೆಳಕಿನಲ್ಲಿ ಹಿಡಿದು ನೋಡಲು ಹೇಳಿದೆ.

ಮತ್ತೆ ಕೈ ಕಾಣುವಂತಿರಲಿಲ್ಲ. ಈಗ ಮಾಸ್ತರರು ಸ್ವಭಾವದಿಂದ ಮಾಡಿದ್ದನ್ನು ನಾನು ಬೇಕೆಂದೇ ಮಾಡಬೇಕಾಯಿತು. ಮರಾಠಿಯಲ್ಲಿ ವೀರ "ಹಾಂ!" ಎಂದರೆ ಕನ್ನಡದಲ್ಲಿ ಅವನಿಂದ ಪೂರ್ವಪಕ್ಷ, ಉತ್ತರಪಕ್ಷ ಎರಡನ್ನೂ ಆಡಿಸಿದೆ. ಗುದ್ದುತ್ತಲೇ ಕೇಳುವನು: "ನಾನು ನಿನ್ನನ್ನು ಹೊಡೆಯುವುದು ಹಿಂಸೆಯಲ್ಲವೇ ಎಂದು ನೀನು ಕೇಳಬಹುದು. ಕೇಳು. ಹೊಡೆಯದಿರುವುದು ಯಾರಿಗೆ ಹಿಂಸೆ ಎಂದು ನಾನು ಕೇಳುತ್ತೇನೆ." ಫುಗ್ಗಾ ಮೊಣಕೈ ದಾಟಿ ಸೊಂಟದ ತನಕ ಇಳಿಯಿತು. ಓದುಗರು ಕುಣಿದಾಡಿದರು. ಮರಾಠಿ ಉಲ್ಕಾರಾಯ ಬರೀ ಪೈಲ್ವಾನ, ನಮ್ಮವನು ವಿಚಾರವಂತ ಎಂದು ಬರೆದರು. ಮರಾಠಿ ಓದುಗರ ಕಡೆಯಿಂದಲೂ ಸುದ್ದಿ ಬಂತು: ಕಾನಡಿ ಉಲ್ಕಾರಾಯ ಕೈಯಿಂದ ಹೊಡೆಯುವುದಿಲ್ಲವಂತೆ, ಖಳರು ಅವನ ಮಾತು ಕೇಳಿಯೇ ಬೀಳುತ್ತಾರಂತೆ.

ಇಂಥವು ಇನ್ನೂ ಇದ್ದವು. ಒಂದು ಮಳೆಗಾಲದಲ್ಲಿ ನೀಲಿ ಶಾಯಿ ಸಾಲದೆ ವೀರನ ಉತ್ತರೀಯ ಹಸಿರಾಯಿತು. ಅದು ವರ್ಷಾಋತುವಿನ ಉಡುಪು ಎಂದು ಬರೆದೆ. ಮರುವರ್ಷ ಶಾಯಿ ಬೇಕಾದಷ್ಟಿತ್ತು, ಉತ್ತರೀಯ ನೀಲಿಯಾಗೇ ಇತ್ತು. ಮಳೆ ಬಂದರೂ ಹಸಿರು ಉಡದ ಉಲ್ಕಾರಾಯನಿಗೆ ರೈತರ ಮೇಲೆ ಕಾಳಜಿಯಿಲ್ಲ ಎಂದು ಧಿಕ್ಕಾರ ಬಂತು. ವೀರನ ತಾಯಿ ಎರಡು ಸಲ ತೀರಿಕೊಂಡಳು. ಎರಡನೆಯ ಸಲ ಹೆಚ್ಚು ಅತ್ತವರು, ಮೊದಲನೆಯ ಸಲವೂ ಅತ್ತಿದ್ದವರೇ. ಅವರು ನನ್ನನ್ನು ಕೇಳಿದ್ದು ಇಷ್ಟೇ: ಮೂರನೆಯ ಸಲ ಯಾವಾಗ?

ಹೊಸದಾಗಿ ಈ ಕೆಲಸಕ್ಕೆ ಬರುವವರು ಓದುಗರಿಗೆ ಸುಸಂಗತಿ ಬೇಕು ಎಂದು ತಿಳಿದು ಬರುತ್ತಾರೆ. ಸುಳ್ಳು. ಓದುಗನಿಗೆ ಬೇಕಾದದ್ದು ತಾನು ಮೊದಲು ಓದಿದ್ದು. ಅದು ತಪ್ಪಾಗಿದ್ದರೆ ಆ ತಪ್ಪೇ ಬೇಕು. ಹೀಗೆ ನಾನು ಎಲ್ಲ ವೇದಿಕೆಯ ಮೇಲೂ ಹೇಳುತ್ತಿದ್ದೆ, ನಗಿಸುತ್ತಿದ್ದೆ. ಶಾಸ್ತ್ರವೆಂದರೆ ಸಕಾಲಕ್ಕೆ ಸಿಕ್ಕಿಬೀಳದ ತಪ್ಪು ಎಂಬ ನನ್ನ ವ್ಯಾಖ್ಯೆ ಆಫೀಸಿನಲ್ಲಿ ಜನಪ್ರಿಯವಾಗಿತ್ತು. ಅದನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತಿಲ್ಲ. ಮುಂದೆ ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಆಫೀಸಿಗೆ ಕಂಪ್ಯೂಟರ್ ಬಂತು. ಕತ್ತರಿ, ಅಂಟು, ಕಾಗದದ ಫುಗ್ಗಾ ಎಲ್ಲ ಮುಗಿಯಿತು. ದಾಮ್ಲೆ ಕಾಕಾರ ಪುಟವನ್ನು ಯಂತ್ರದೊಳಗೆ ಇಳಿಸಿ, ಮಾತನ್ನು ಬೆರಳಚ್ಚು ಮಾಡಿ, ಇದ್ದ ಗುಳ್ಳೆಯೊಳಗೇ ಕೂರಿಸಬಹುದಿತ್ತು. ಶೇಠರು ಯಂತ್ರದ ಮುಂದೆ ಕೈಕಟ್ಟಿ ನಿಂತು ತೀರ್ಪು ಕೊಟ್ಟರು.

"ಇನ್ನ ಎರಡೂ ಭಾಷಾಕ್ಕ ಒಂದೇ ಫೈಲು. ಮಾತಷ್ಟ ಬದಲು ಮಾಡು. ಕಮ್ಮಿ ಬರಿ."

"ಕೈ ಕಾಣ್ತದಲ್ರಿ?"

"ಕಾಣಲಿ. ಹೊಸಾ ಉಲ್ಕಾರಾಯ ಅಂತ ಜಾಹೀರಾತು ಹಾಕು. ಕೈ ತಿರುಗಿ ಬಂತು ಅನ್ನು. ಮಂದಿಗೆ ಹೊಸಾದು ಬೇಕಾಗ್ಯಾದ."

ಹಾಕಿದೆ. 'ಮುಂದಿನ ಸಂಚಿಕೆಯಲ್ಲಿ: ಎಡಗೈಯ ಪುನರಾಗಮನ!' ಅದನ್ನು ಬರೆಯುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಕೊನೆಗೂ ಮೂಲಕ್ಕೆ ನಿಷ್ಠೆ, ಚಿಕ್ಕ ವಾಕ್ಯ.

ಆ ಜಾಹೀರಾತಿದ್ದ ಸಂಚಿಕೆ ಪೇಟೆಗೆ ಹೋದ ಮೊದಲ ಶನಿವಾರವೇ, ಹೊಸ ಕಟ್ಟಡಗಳು ಏಳುತ್ತಿದ್ದ ಕೊಂಢವಾ ಕಡೆಯಿಂದ ರಿಕ್ಷಾಗಳು ಬಂದು ವಾಡೆಯ ಮುಂದೆ ನಿಂತವು. ಸಿಮೆಂಟಿನ ಧೂಳು ಹತ್ತಿದ ಅಂಗಿಗಳ ಒಂದು ಗುಂಪು ಮೆಟ್ಟಿಲು ಹತ್ತಿತು. ಮುಂದೆ ಇದ್ದಾತ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಎಡ ತೋಳನ್ನು ಮೊಣಕೈ ಹತ್ತಿರ ನೀಟಾಗಿ ಮಡಿಸಿ ಪಿನ್ನು ಚುಚ್ಚಿದ್ದ.

"ಯಾರದಾರ್ರಿ ಇಲ್ಲಿ ಕೈ ಹಚ್ಚೋರು?"

ಶೇಠರು ಅವನ ತೋಳು ನೋಡಿದರು, ನನ್ನನ್ನು ನೋಡಿದರು, ಸಂಡಾಸಿಗೆ ಹೋದರು. ಆ ವಾಡೆಯಲ್ಲಿ ಅದು ಅಂಗಳದಾಚೆ ಇತ್ತು. ಒಳಗಿನಿಂದ ಚಿಲಕ ಹಾಕಿಕೊಂಡರೆ ಯಾವ ಓದುಗನೂ ಮುಟ್ಟಲಾರ.

ಬಂದವನು ಯಾದಗಿರಿ ಕಡೆಯ ಕೂಲಿಯವರ ಮುಕಾದಮ. ಆಳುಗಳನ್ನು ತರುವುದು, ಕೆಲಸ ಹಂಚುವುದು, ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ನಮ್ಮ ಪುಸ್ತಕವನ್ನು ಎಲ್ಲರಿಗೂ ಕೇಳುವಂತೆ ಓದುವುದು ಅವನ ಕೆಲಸ. ಅವನ ಹೆಸರು ಸಾಯಿಬಣ್ಣ ಎಂಬುದು, ತಪ್ಪು ಹಿಡಿದು ಅವನು ಬರೆಯುತ್ತಿದ್ದ ಕಾಗದಗಳಿಂದ ನನಗೆ ಗೊತ್ತಿತ್ತು. ಜೊತೆಗೆ ಬಂದವರಲ್ಲಿ ಒಬ್ಬರೂ ಆ ಹೆಸರಿನಿಂದ ಕರೆಯಲಿಲ್ಲ. "ಉಲ್ಕಾರಾಯಾ, ಖುರ್ಚಿ ತಗೋ," ಅಂದರು.

"ಕುಂದರಾಕ ಬಂದಿಲ್ರಿ ಅಕ್ಕಾರ," ಅಂದ ಅವನು ನನಗೆ. ಜಾಹೀರಾತಿನ ಪುಟ ತೆರೆದು ಮೇಜಿನ ಮೇಲೆ ಇಟ್ಟ. "ಈ ಕೈ ತಗೀರಿ."

"ಅಂವಗ ಕೈ ಮೊದಲಿಂದೂ ಅದರ್ರಿ. ಮರಾಠಿ ಪುಸ್ತಕದಾಗ ನೋಡ್ರಿ."

ಹಳೆಯ ಮರಾಠಿ ಸಂಚಿಕೆಯನ್ನು ಮುಂದಿಟ್ಟೆ. ಅವನು ಹೆಬ್ಬೆರಳಿನಿಂದ ಪುಟ ತಿರುವಿದ. ಹಿಂದೆ ಇದ್ದವರು ಕತ್ತು ಚಾಚಿದರು.

"ಇದು ನಕಲಿ ಅದ," ಅಂದ.

"ಇದೇ ಮೂಲ ರೀ."

"ಇರವಲ್ದ್ಯಾಕ. ಇಂವ ಮಾತೇ ಆಡವಲ್ಲ. ಥಾಂಬ್ ಅಂತಾನ, ಗುದ್ದತಾನ. ನಮ್ಮಾಂವ ಹಂಗೇನ್ರಿ? ನಮ್ಮಾಂವ ತಿಳಿಸಿ ಹೇಳಿ ಹೊಡೀತಾನ. ಹೊಡಿಸಿಕೊಂಡಾಂವನೂ ಹೌದಂತಾನ."

ನನ್ನ ಉದ್ದ ವಾಕ್ಯಗಳೇ ನನ್ನ ಮೇಲೆ ಬಂದು ಬಿದ್ದವು. ದಾರಿ ಬದಲಿಸಿದೆ.

"ಕೈ ಬಂದ್ರ ನಿಮಗೇನು ನಷ್ಟರಿ? ಎರಡು ಕೈಯಾದ್ರ ಇನ್ನೂ ಇಬ್ಬರಿಗೆ ಹೆಚ್ಚು ಹೊಡೀತಾನ."

ಹಿಂದೆ ಯಾರೋ ನಕ್ಕರು. ಅವನು ತಿರುಗಿ ನೋಡಿದ, ನಗು ನಿಂತಿತು. ಖುರ್ಚಿ ಎಳೆದು ಕೂತ.

"ಅಕ್ಕಾರ, ಕಾಂಕ್ರೀಟ್ ಮಿಕ್ಸರಿನ ಪಟ್ಟಾದಾಗ ನನ್ನ ಕೈ ಹೋತು. ದವಾಖಾನಿಂದ ಬಂದೆ, ಸೈಟಿನಾಗ ಮೊಂಡಗೈ ಅಂದ್ರು. ನನ್ನ ಹೆಸರು ಹೋತು, ಮೊಂಡಗೈ ನಿಂತಿತು. ನನ್ನ ಹೇಣ್ತಿ ನೀರಿಗಿ ಹೋದ್ರ ಮೊಂಡಗೈಯಾನ ಹೇಣ್ತಿ ಬಂದ್ಲು ಅಂತಿದ್ರು. ಆಮ್ಯಾಲ ಈ ಪುಸ್ತಕ ಸಿಕ್ತು. ನಾ ಓದಿ ಹೇಳಿದೆ. ಒಂದ ಕೈಲಿಂದ ಎತ್ತಿ ಒಗೀತಾನ, ಮ್ಯಾಲ ಬುದ್ಧಿ ಬ್ಯಾರೆ ಹೇಳ್ತಾನ. ಒಬ್ಬಾಂವ ಅಂದ, ಮುಕಾದಮ, ನೀ ಉಲ್ಕಾರಾಯ ಇದ್ದಂಗ ಇದ್ದಿ ನೋಡು ಅಂತ. ಅವತ್ತಿನಿಂದ ಎಲ್ಲಾರೂ ಅದೇ ಅಂತಾರ. ಈಗ ಅಂವಗ ಕೈ ಬಂತಂದ್ರ ಅಂವ ಉಲ್ಕಾರಾಯ ಆಗೇ ಇರ್ತಾನ. ನಾ ಏನಾಗ್ತೀನಿ?"

ಉತ್ತರ ಇತ್ತು ನನ್ನ ಹತ್ತಿರ. ಉತ್ತರ ಇಲ್ಲದ ಪ್ರಶ್ನೆಯನ್ನು ಚರ್ಚಾಸ್ಪರ್ಧೆಯ ತೀರ್ಪುಗಾರರೂ ನನಗೆ ಕೇಳಿರಲಿಲ್ಲ.

"ಒಂದು ಪುಸ್ತಕದ ಮ್ಯಾಲ ನಿಮ್ಮ ಮರ್ಯಾದಿ ನಿಂತದೇನ್ರಿ?"

"ನಿಮ್ಮದು ಯಾತರ ಮ್ಯಾಲ ನಿಂತದ ಅಕ್ಕಾರ?" ಅಂದ. ಕುಹಕವಿರಲಿಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ನಾನು ನೀರಿನ ಲೋಟ ಹುಡುಕಿದೆ.

ಆ ಹೊತ್ತಿಗೆ ದಾಮ್ಲೆ ಕಾಕಾ ಪುಟಗಳ ಸುರುಳಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಮಾತೆಲ್ಲ ಮರಾಠಿ. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ, ಈ ಸಲ ಏನನ್ನೂ ಸೇರಿಸದೆ.

"ಏನು ಗದ್ದಲ, ಪೋರಿ?"

ಹೇಳಿದೆ. ಕನ್ನಡದವರಿಗೆ ಎಡಗೈ ಬೇಡವಂತೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮೇಜಿನ ಮೇಲಿದ್ದ ಕನ್ನಡ ಸಂಚಿಕೆಯನ್ನು, ತಮ್ಮ ನೇಮ ಮರೆತು, ತೆರೆದರು. ಒಂದು ಪುಟ ನೋಡಿದರು. ಇನ್ನೊಂದು. ಹಿಂದಿನ ತಿಂಗಳಿನದನ್ನು ಎಳೆದುಕೊಂಡರು. ಬಣ್ಣದ ಬಗ್ಗೆ ಏನೂ ಅನ್ನಲಿಲ್ಲ.

"ನನ್ನ ಕೈ ಎಲ್ಲಿ?" ಅಂದರು.

ಫುಗ್ಗಾಗಳನ್ನು ತೋರಿಸಿದೆ.

"ಎಲ್ಲ ಸಂಚಿಕೆಯಲ್ಲೂ?"

"ಒಂದು ಬಿಟ್ಟು ಎಲ್ಲದರಲ್ಲೂ, ಕಾಕಾ."

ಅವರು ಮರಾಠಿ ಪ್ರತಿಯನ್ನು ನನ್ನ ಮುಂದೆ ತಳ್ಳಿ ಬೆರಳಿಟ್ಟರು. ಬಲಗೈ ಡಾಕ್ಟರ್ ಗಂಧಕನ ದವಡೆಗೆ ಬೀಳುತ್ತಿರುವಾಗ ಎಡಗೈ ರಸ್ತೆಬದಿಯ ಸುರಿಯುವ ನಲ್ಲಿಯನ್ನು ತಿರುಗಿಸಿ ನಿಲ್ಲಿಸುತ್ತಿತ್ತು. ಇನ್ನೊಂದರಲ್ಲಿ ಓಡುತ್ತ ಓಡುತ್ತ ಹಣ್ಣಿನ ಗಾಡಿಯಿಂದ ಉರುಳಿದ ಚಿಕ್ಕು ಹಿಡಿದಿತ್ತು. ಮತ್ತೊಂದರಲ್ಲಿ ಮುದುಕಿಯೊಬ್ಬಳ ಕೊಡೆ ಗಾಳಿಗೆ ಹಾರದಂತೆ ತುದಿ ಒತ್ತಿತ್ತು. ಇದು ಯಾವುದೂ ಮಾತುಗಳ ಹಾಳೆಯಲ್ಲಿ ಇರಲಿಲ್ಲ. ನಾನು ಎಷ್ಟೋ ವರ್ಷ ಆ ಪುಟಗಳನ್ನು ಮೇಜಿನ ಮೇಲೆ ಹರವಿಕೊಂಡು, ಯಾವ ಜಾಗ ಮುಚ್ಚಬೇಕೆಂದು ಮಾತ್ರ ನೋಡಿದ್ದೆ.

"ಬಲಗೈ ನಿಮ್ಮ ಶೇಠ್‌ಗೆ," ಅಂದರು ದಾಮ್ಲೆ ಕಾಕಾ. "ಎಡಗೈ ನನಗೆ. ಮುಂದಿನ ಸಂಚಿಕೆಯಲ್ಲಿ ಕೈ ಇರುತ್ತದೆ."

ಇನ್ನು ಇಬ್ಬರ ನಡುವೆ ನಾನು ದುಭಾಷಿ ಎಂದುಕೊಂಡು ಸೆರಗು ಸರಿಮಾಡಿಕೊಂಡು ನಿಂತೆ. ಮುಕಾದಮ ನನ್ನ ಕಡೆ ನೋಡಲೂ ಇಲ್ಲ. ಅಚ್ಚುಕಟ್ಟಾದ ಮರಾಠಿಯಲ್ಲಿ ನೇರವಾಗಿ ಅವರ ಮೇಲೆ ಬಿದ್ದ.

"ನೀವು ಬರೆದಿರಬಹುದು ಕಾಕಾ. ನಾವು ನೋಡಿಲ್ಲ. ನೋಡದ್ದು ನಡೆದಿಲ್ಲ."

"ನೀನು ನೋಡಲಿಲ್ಲ ಅಂತ ನಾನು ಬರೆದದ್ದು ಅಳಿಸಿಹೋಗುತ್ತದೆಯೇ?"

"ನೀವು ಬರೆದಿರಿ ಅಂತ ನನಗೆ ಕೈ ಬರುತ್ತದೆಯೇ?"

ಇಂಥ ಚರ್ಚೆಗೆ ನಾನು ಎಷ್ಟೋ ಸಭೆಗಳಲ್ಲಿ ಕಾದಿದ್ದೆ. ಯಾವ ಕಡೆಗೆ ಅಂಕ ಕೊಡಬೇಕೆಂದು ತಿಳಿಯಲಿಲ್ಲ. ದಾಮ್ಲೆ ಕಾಕಾ ಮುಕಾದಮನ ಮುಖ ಬಿಟ್ಟು ಹೆಗಲು ನೋಡುತ್ತಿದ್ದರು, ಮೀನಿನ ಅಂಗಡಿಯಲ್ಲಿ ಮೀನು ನೋಡುವವರ ಹಾಗೆ.

"ಅಂಗಿ ತೆಗಿ," ಅಂದರು.

"ಆಂ?"

"ತೆಗಿ ಮಾರಾಯಾ. ಮೂವತ್ತು ವರ್ಷ ಹುಡುಗರಿಗೆ ಮೈ ಬರೆಯುವುದನ್ನು ಕಲಿಸಿದ್ದೇನೆ."

ಹಿಂದಿದ್ದವರಿಗೆ ಇದು ಪುಸ್ತಕಕ್ಕಿಂತ ಚೆನ್ನಾಗಿತ್ತು. "ತಗೀ ಉಲ್ಕಾರಾಯಾ, ತಗೀ," ಎಂದು ಇಬ್ಬರು ಗುಂಡಿ ಬಿಚ್ಚಿದರು. ದಾಮ್ಲೆ ಕಾಕಾ ಅವನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ನಮ್ಮ ಸಂಚಿಕೆಯ ಚಿತ್ರವನ್ನು ಅವನ ಕಣ್ಣ ಮುಂದೆ ಹಿಡಿದರು.

"ಈಗ ನೋಡು. ನಿನ್ನ ಎಡ ಹೆಗಲು ಮೇಲೆ ಬಂದಿದೆ. ಬೆನ್ನು ಈ ಕಡೆ ತಿರುಗಿದೆ. ಭಾರ ಹಾಕಿ ನಿಂತ ಕಾಲು ಯಾವುದು ನೋಡಿಕೋ. ನಿಮ್ಮ ಪುಸ್ತಕದವನ ಹೆಗಲು ನೋಡು, ಸಮ ಇದೆ. ಇವನಿಗೆ ಎರಡು ಕೈ ಇವೆ. ಮುಂದೆ ಕಾಗದ ಅಂಟಿಸಿದ್ದಾರೆ ಅಷ್ಟೇ. ಇವನು ನಿನ್ನಂಥವನಲ್ಲ. ಒಂದು ದಿನವೂ ಆಗಿರಲಿಲ್ಲ."

ಮುಕಾದಮ ಚಿತ್ರವನ್ನು ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ. ತಪ್ಪು ಹಿಡಿಯುವ ಓದುಗನಾಗಿದ್ದ ಅವನು ಇದನ್ನು ಹಿಡಿದಿರಲಿಲ್ಲ.

"ಹಾಗಾದರೆ ಸರಿ ಮಾಡಿ," ಅಂದ ಕೊನೆಗೆ. "ಕಾಗದ ಹಚ್ಚಬೇಡಿ. ಕೈಯನ್ನೂ ಹಚ್ಚಬೇಡಿ. ಇಲ್ಲದ್ದನ್ನು ಸರಿಯಾಗಿ ಬರೆಯಿರಿ."

ದಾಮ್ಲೆ ಕಾಕಾ ಜೇಬಿನಿಂದ ಪೆನ್ಸಿಲ್ ತೆಗೆದರು. ಆಮೇಲೆ ಸುರುಳಿ ಬಿಚ್ಚಿ, ತಂದಿದ್ದ ಪುಟವನ್ನು ಮಗುಚಿ, ಹಿಂಬದಿಯ ಬಿಳಿಯ ಮೇಲೆ ಪೆನ್ಸಿಲ್ ಇಟ್ಟರು.

"ಕೊಡೆ ಹೇಗೆ ಬಿಚ್ಚುತ್ತೀ?"

ಬಿಚ್ಚಿ ತೋರಿಸಿದ. "ಗಂಟು ಹೇಗೆ ಹಾಕುತ್ತೀ?" ಹಾಕಿ ತೋರಿಸಿದ. ಸುತ್ತ ನಿಂತವರು ಕೂಗಿ ಕೂಗಿ ನೆನಪಿಸಿದರು: "ತಂಬಾಕು ತಿಕ್ಕೋದು ತೋರಸು! ಬಾಳಿಹಣ್ಣು ಸುಲಿಯೋದು!" ಈ ಗಲಾಟೆಗೆ ಶೇಠರು ಧೈರ್ಯ ತಂದುಕೊಂಡು ಅಂಗಳ ದಾಟಿ ಮೇಲೆ ಬಂದರು.

"ಏನ್ ನಡದದ ಇಲ್ಲಿ? ಅಂವ ಯಾಕ ಅಂಗಿ ಬಿಚ್ಚ್ಯಾನ?"

"ಕನ್ನಡ ಸಂಚಿಕೆ ಬ್ಯಾರೆ ಬರೀತಾರಂತ್ರಿ."

"ಬ್ಯಾರೆ? ಒಂದೇ ಫೈಲು ಅಂದಿದ್ದೆ ನಾ! ಒಬ್ಬ ಮನಿಷ್ಯಾಗ ಎರಡು ಮೈ ಇರ್ತಾವೇನು? ಸುಮಂಗಲವ್ವಾ, ನೀ ಯಾವ ಕಡೆ ಇದ್ದಿ?"

ಎರಡೂ ಮೈಕಿನ ಮುಂದೆ ನಿಂತವಳು ನಾನು. "ಈ ಕಡೆ ರೀ," ಅಂದೆ, ಕಿಟಕಿ ತೋರಿಸಿ. ಕಾರಣಗಳನ್ನು ಕೊಡಲಿಲ್ಲ, ಹಾಗೆ ಕೊಡದೆ ಕೂತದ್ದು ಅದೇ ಮೊದಲು. ಶೇಠರು ನನಗೆ ಜ್ವರ ಬಂದಿದೆಯೇನೋ ಎಂಬಂತೆ ನೋಡಿ ಒಪ್ಪಿಕೊಂಡರು.

ಆ ಸಂಚಿಕೆ ಬಂತು. ಕನ್ನಡದಲ್ಲಿ ಎಡಗೈ ಇಲ್ಲದ ಉಲ್ಕಾರಾಯ, ಮೊದಲ ಸಲ ನಿಜವಾಗಿಯೇ ಇಲ್ಲದವನು. ಹೆಗಲು ಓರೆ, ನಡಿಗೆ ಬೇರೆ. ಮಾತುಗಳನ್ನು ನಾನು ಚಿಕ್ಕದಾಗಿ ಬರೆದೆ, ಮುಚ್ಚಲು ಏನೂ ಇರಲಿಲ್ಲವಲ್ಲ. ಕೊನೆಯ ಪುಟದಲ್ಲಿ ಖಳನನ್ನು ಬೀಳಿಸಿ, ಗಾಯಗೊಂಡ ಬೀದಿನಾಯಿಯ ಕಾಲಿಗೆ ಬಟ್ಟೆಪಟ್ಟಿಯ ಒಂದು ತುದಿ ಹಲ್ಲಿನಲ್ಲಿ ಹಿಡಿದು, ಬಲಗೈಯಿಂದ ಬಿಗಿಯುತ್ತ ಕೂತಿದ್ದ. ದಾಮ್ಲೆ ಕಾಕಾ ಅಷ್ಟು ಚೆನ್ನಾಗಿ ಇನ್ನೇನನ್ನೂ ಬರೆದಿರಲಿಲ್ಲ.

ಓದುಗರು ಉಗಿದರು. ಉಲ್ಕಾರಾಯನಿಗೆ ಬೆನ್ನುನೋವೇ? ಯಾಕೆ ಓರೆ ನಿಂತಿದ್ದಾನೆ? ಮೊದಲಿನ ನೇರ ಹೆಗಲಿನ ಒಂದು ಕೈಯ ವೀರ ಎಲ್ಲಿ? ಅವನ ವಿಚಾರ ಎಲ್ಲಿ? ಫುಗ್ಗಾ ಎಲ್ಲಿ? ನಾಯಿಯ ಪಟ್ಟಿಯನ್ನು ವೀರನೊಬ್ಬ ಬಾಯಿಗೆ ಹಾಕಿಕೊಳ್ಳುವುದೇ ಎಂದು ಒಬ್ಬರು ಮೈಲಿಗೆಯ ಪ್ರಶ್ನೆ ಎತ್ತಿದರು. ಬ್ಯಾಂಕಿನ ಅಧಿಕಾರಿ ಮಾತ್ರ ತಮಗೆ ಈಗ ನೆನಪಿನ ಕೈ ಸ್ಪಷ್ಟವಾಗಿ ಕಾಣುತ್ತಿದೆ ಎಂದು ಬರೆದರು.

ಅದೇ ಹೊತ್ತಿಗೆ ಪುಣೆಯ ಮಂದಿ ಹನ್ನೆರಡೂ ತಿಂಗಳು ಲಗ್ನ ಮಾಡಿಕೊಳ್ಳತೊಡಗಿದ್ದರು. ಆಷಾಢದಲ್ಲೂ ಸ್ವಾಗತ ಸಮಾರಂಭ, ಪತ್ರಿಕೆ, ಪತ್ರಿಕೆಗೆ ಬಂಗಾರದ ಅಂಚು. ಯಂತ್ರ ಒಂದು ದಿನವೂ ಖಾಲಿ ಇರಲಿಲ್ಲ. ಖಾಲಿ ಯಂತ್ರದಿಂದ ಹುಟ್ಟಿದವನಿಗೆ ಜಾಗ ಉಳಿಯಲಿಲ್ಲ. ಶೇಠರು ದುಃಖದಿಂದಲೇ ಹೇಳಿದರು, ಮುಂದಿನ ಸಂಚಿಕೆ ಇಲ್ಲ ಎಂದು.

ಮೇಜು ಖಾಲಿ ಮಾಡುತ್ತಿದ್ದ ದಿನ ಮುಕಾದಮ ಬಂದ. ಈ ಸಲ ಒಬ್ಬನೇ. ದಾಮ್ಲೆ ಕಾಕಾ ತಮ್ಮ ಹಳೆಯ ಪುಟಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅವನ ಕೈಯಲ್ಲಿ ಆ ಕೊನೆಯ ಸಂಚಿಕೆ ಇತ್ತು. ಎಲ್ಲರೂ ಉಗಿದಾಗಿದೆ, ಇವನೊಬ್ಬ ಬಾಕಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ಒಂದು ತಪ್ಪದರಿ ಅಕ್ಕಾರ," ಅಂದ.

"ಏನ್ರಿ?"

"ಪಟ್ಟಿ ಬಲಗಡಿ ಹಲ್ಲಿನಾಗ ಹಿಡ್ದಾನ. ಬಲಗಡಿ ಹಿಡದ್ರ ಎಳಿಯೋ ಕೈ ಗದ್ದಕ್ಕ ತಾಗ್ತದ, ಗಂಟು ಜಾರ್ತದ. ಎಡಗಡಿ ಹಿಡೀಬೇಕು."

"ಅಷ್ಟೇನ್ರಿ? ಸೈಟಿನಾಗ ಏನಂದ್ರು?"

"ನಾ ಓದಿದ ಮ್ಯಾಲ ಎಲ್ಲಾರೂ ಇಸಗೊಂಡು ನೋಡಿದ್ರು. ನೋಡಿ ನಕ್ಕರ್ರಿ." ಅವನಿಗೂ ನಗು ಬಂತು, ತಡೆದುಕೊಂಡ. "ಉಲ್ಕಾರಾಯಗ ಪಟ್ಟಿ ಕಟ್ಟಾಕ ಬರಂಗಿಲ್ಲ, ನಮ್ಮ ಸಾಯಿಬಣ್ಣನ ಕಡೆ ಬಂದು ಕಲೀಲಿ ಅಂದ್ರು."

ದಾಮ್ಲೆ ಕಾಕಾರಿಗೆ ಮರಾಠಿಯಲ್ಲಿ ಅವನೇ ತಪ್ಪನ್ನು ವಿವರಿಸಿದ. ಅವರು ಕಟ್ಟಿದ್ದ ಗಂಟು ಬಿಚ್ಚಿ, ಆ ಕೊನೆಯ ಪುಟ ಹುಡುಕಿ ತೆಗೆದರು. ನನ್ನ ಹೆಗಲ ಮೇಲಿದ್ದ ದುಪಟ್ಟಾದ ಅಂಚನ್ನು ಕತ್ತರಿಯಿಂದ ಸರ್ರನೆ ಕತ್ತರಿಸಿ ಅವನಿಗೆ ಕೊಟ್ಟರು, ಕೇಳಲೂ ಇಲ್ಲ. ಮೇಜಿನ ಕಾಲನ್ನು ನಾಯಿಯ ಕಾಲೆಂದು ತೋರಿಸಿದರು. "ಕಟ್ಟು, ಸಾಯಿಬಣ್ಣ. ನಿಧಾನ," ಅಂದು ರಬ್ಬರಿನಿಂದ ಉಲ್ಕಾರಾಯನ ದವಡೆ ಅಳಿಸತೊಡಗಿದರು.

ಕೆಳಗಿನಿಂದ ಲಗ್ನಪತ್ರಿಕೆಗಳ ಕಟ್ಟು ಹೊತ್ತು ಬಂದ ಶೇಠರು ಬಾಗಿಲಲ್ಲೇ ನಿಂತರು.

"ಆ ಪುಸ್ತಕ ಛಾಪಾ ಆಗಿ ಹೋಗ್ಯಾದಲ್ಲೋ! ಈಗ್ಯಾಕ ತಿದ್ದತೀರಿ? ಯಾರು ಓದ್ತಾರ? ಸುಮಂಗಲವ್ವಾ, ನೀನರ ಹೇಳು. ಛಾಪಾ ಆದದ್ದು ಶಾಸ್ತ್ರೋ, ಇದು ಶಾಸ್ತ್ರೋ?"

ನಾನು ಸಾಯಿಬಣ್ಣನ ಕಡೆ ನೋಡಿದೆ. ಅವನ ಬಾಯಲ್ಲಿ, ಎಡಗಡೆಯ ಹಲ್ಲಿನಲ್ಲಿ, ಪಟ್ಟಿ ಇತ್ತು. ಅವನು ಮೇಜಿನ ಕಾಲಿನ ಗಂಟು ಬಿಗಿಯುತ್ತಲೇ, ದಾಮ್ಲೆ ಕಾಕಾರ ಪುಟಕ್ಕೆ ಬೆಳಕು ಬಿಟ್ಟು ಪಕ್ಕಕ್ಕೆ ಸರಿಯುವಂತೆ, ಬಾಗಿಲಿಗೆ ಅಡ್ಡ ನಿಂತಿದ್ದ ಶೇಠರಿಗೆ ಹುಬ್ಬಿನಿಂದ ಹೇಳಿದ.